ಯಂತ್ರಕ್ಕೆ ಬಂದ ಎ.ಸಿ.

ಇಂಥ ಕತೆಗಳೆಲ್ಲ ನನ್ನ ಪಾಲಿಗೇ ಏಕೆ ಬರುತ್ತವೋ, ಆ ನಂಜುಂಡೇಶ್ವರನೇ ಬಲ್ಲ. ಮೊದಲನೆಯದನ್ನು ಹೇಳಿದವರು ತಿ. ನರಸೀಪುರದ ಒಂದು ಸಹಕಾರ ಸಂಘದ ಗುಮಾಸ್ತರು. ಆಗ ನಾನು ನಂಜನಗೂಡಿನ ಕಡೆ ಇನ್ನೊಂದು ಸಂಘದಲ್ಲಿ ಗುಮಾಸ್ತ. ಎರಡು ಸಾವಿರದ ಇಸವಿ ದಾಟಿತ್ತು. ರೈತರ ಗೊಬ್ಬರದ ಚೀಟಿ ಕಂಪ್ಯೂಟರಿನಿಂದಲೇ ಬರಬೇಕೆಂದು ಎರಡೂ ಕಡೆ ಸರ್ವರ್ ಎಂಬ ದೊಡ್ಡ ಪೆಟ್ಟಿಗೆ ತಂದು ಕೂರಿಸಿದ್ದರು. ಅದು ಕಾದರೆ ನಿಲ್ಲುತ್ತದೆ; ನಿಂತರೆ ಚೀಟಿಯಿಲ್ಲ.

೧. ಹರವಿ

"ಸರ್ವರ್ ಕಾಯ್ತಾ ಇದೆ ಸಾರ್, ತಣ್ಣಗಿಡೋಕೆ ಏನಾದ್ರೂ ಮಾಡಿ" ಎಂದು ನರಸೀಪುರದವರು ತಮ್ಮ ಕಾರ್ಯದರ್ಶಿಯನ್ನು ಬೇಡಿದರಂತೆ. ಮರುದಿನ ಕೋಣೆಯಲ್ಲಿ ನೀರು ತುಂಬಿದ ಮಣ್ಣಿನ ಹರವಿ!

"ಇದೇನ್ ಸಾರ್?"

"ಸಂಘದ ಕೈಲಾಗೋದು ಇಷ್ಟೇ ಕಣ್ರೀ. ನಮ್ಮನ್ನ ತಣ್ಣಗಿಡುತ್ತೆ, ಅದನ್ನ ಇಡಲ್ವಾ?"

ಯಂತ್ರ ನಿಂತೇಹೋಯಿತು. ಹರವಿ ಮಾತ್ರ ತಣ್ಣಗಿತ್ತಂತೆ.

೨. ಮೇಲಿನವರ ಉತ್ತರ

ನಾನು ನಕ್ಕೆ. ನಗಬಾರದಿತ್ತು. ನಮ್ಮ ಸರ್ವರ್ ಇದ್ದದ್ದು ಹಳೆಯ ಬೀಜದ ಕೋಣೆಯಲ್ಲಿ, ತಗಡಿನ ಸೂರಿನ ಕೆಳಗೆ. ಎ.ಸಿ. ಕೇಳಿ ಮೇಲಿನ ಕಚೇರಿಗೆ ಮೂರು ಕಾಗದ ಬರೆದೆ. ಉತ್ತರ ಬಂತು: "ಬಿಸಿಲೇರಿದಾಗ ಯಂತ್ರ ಆರಿಸಿ, ಸಂಜೆ ತಂಪಾದ ಮೇಲೆ ಹಾಕಿ." ತಂಪಾಗುವ ಹೊತ್ತಿಗೆ ಕಚೇರಿಗೆ ಬೀಗ ಹಾಕಬೇಕೆಂಬ ಆದೇಶವೂ ಅವರದೇ!

೩. ಬೆವರು

ಕೊನೆಗೊಂದು ಎ.ಸಿ. ಬಂತು. ಊದಿನಕಡ್ಡಿ ಹಚ್ಚಿ ಕೈಮುಗಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಅದು ನಮ್ಮ ಕಾರ್ಯದರ್ಶಿಗಳ ಕೋಣೆಯ ಗೋಡೆ ಏರಿತ್ತು.

"ಸಾರ್, ಅದು ಯಂತ್ರಕ್ಕೆ ಬಂದದ್ದು."

"ಯಂತ್ರಕ್ಕೆ ಬೆವರು ಬರುತ್ತೇನ್ರೀ? ನನಗೆ ಬರುತ್ತೆ."

ನೈವೇದ್ಯಕ್ಕೆ ಮುಂಚೆ ಪೂಜಾರಿಯೇ ಉಂಡು ಎದ್ದ ಹಾಗಾಯಿತು. ಮನೆಯಿಂದ ಒಂದು ಬೀಸಣಿಗೆ ತಂದು ಪೆಟ್ಟಿಗೆಯ ಪಕ್ಕ ಇಟ್ಟೆ.

೪. ಗಾಳಿ ಸೇವೆ

ಹದಿನಾರು ಎಂಬ ಊರಿನ ಅಜ್ಜಿಯೊಬ್ಬರು ಚೀಟಿಗೆಂದು ಎರಡು ಸಲ ಬಂದು ಬರಿಗೈಲಿ ಹೋಗಿದ್ದರು. "ಕೂಲಿ ಬುಟ್ಟು ಬಂದಿವ್ನಿ ಕಣಪ್ಪ. ಪೈರು ಕೆಂಪಾಯ್ತಾ ಅದೆ" ಎಂದಿದ್ದು ಕೇಳಿ ನನಗೆ ಅನ್ನ ಸೇರಿರಲಿಲ್ಲ. ಮೂರನೆಯ ಸಲ ಅವರು ಬಂದ ದಿನವೇ ಮೇಲಿನ ಕಚೇರಿಯವರ ತಪಾಸಣೆ. ಯಂತ್ರ ಕಾದು ಕೆಂಪು ದೀಪ ಮಿಟುಕಿಸುತ್ತಿತ್ತು.

"ಬೀಸ್ರೀ, ನಿಂತೋಗುತ್ತೆ!" ಎಂದು ಕಾರ್ಯದರ್ಶಿಗಳು ಕೂಗಿದರು.

"ಚೀಟಿ ತೆಗೀತಾ ಇದೀನಿ ಸಾರ್. ಬೀಸಣಿಗೆ ಅಲ್ಲೇ ಇದೆ."

ಬೇರೆ ದಾರಿಯಿರಲಿಲ್ಲ. ತಗಡಿನ ಕಾವಿಗೆ ಕಾರ್ಯದರ್ಶಿಗಳೇ ಅಂಗಿ ಬಿಚ್ಚಿ, ಪಂಚೆಯಲ್ಲಿ ನಿಂತು ಬೀಸತೊಡಗಿದರು. ಹೊಸ್ತಿಲಾಚೆ ನಾನು ಎಂದಿನಂತೆ ಬಿಟ್ಟ ಚಪ್ಪಲಿ. ಪೆಟ್ಟಿಗೆಯ ಮೇಲೆ ಆಯುಧಪೂಜೆಯ ಕುಂಕುಮ. ಅಜ್ಜಿ ಇಣುಕಿ ನೋಡಿದರು. ತಾವೂ ಚಪ್ಪಲಿ ಬಿಟ್ಟು ಒಳಗೆ ಬಂದು, ಪೆಟ್ಟಿಗೆಯ ಮುಂದೆ ಎರಡು ಬಾಳೆಹಣ್ಣಿಟ್ಟು, ಅಂಗೈ ಚಾಚಿದರು.

"ಇವತ್ತಾರ ಚೀಟಿ ಕೊಡ್ಲಿ ಅಂತ ಒಸಿ ಕೇಳ್ಕಳಿ ಅಯ್ನೋರೇ. ತೀರ್ತ ಕೊಡಿ."

ಬೀಸಣಿಗೆ ನಿಂತಿತು. ಕಾರ್ಯದರ್ಶಿಗಳ ಕೋಣೆ ನೋಡಿಕೊಂಡು ಅಜ್ಜಿಯ ಹಿಂದೆಯೇ ಬಂದು ನಿಂತಿದ್ದ ತಪಾಸಣಾಧಿಕಾರಿಗಳು ತಮ್ಮ ಅಂಗೈಯನ್ನೂ ಚಾಚಿದರು.

"ನನಗೂ ಕೊಡಿ ಸ್ವಾಮಿ. ಆಮೇಲೆ ನಿಮ್ಮ ಕೋಣೇಲಿರೋ ಎ.ಸಿ.ನ ಗರ್ಭಗುಡಿಗೆ ತನ್ನಿ."

ಅಜ್ಜಿಗೆ ಚೀಟಿ ಸಿಕ್ಕಿತು. ಮರುದಿನ ಯಂತ್ರಕ್ಕೆ ಎ.ಸಿ.ಯೂ ಸಿಕ್ಕಿತು. ಇನ್ನೊಬ್ಬರ ತಂಪಿನಲ್ಲಿ ಕೂತ ಸಾಹೇಬರು ಯಾರಾದರೂ ನಿಮಗೆ ಸಿಕ್ಕರೆ, ಇದನ್ನು ಅವರ ಕಿವಿಗೂ ಹಾಕಿ. ಬೀಸಣಿಗೆ ನಮ್ಮಲ್ಲಿ ಇನ್ನೂ ಇದೆ.