ಕ್ವಾರ್ಟೆಟ್ಟಿಗೊಂದು ಹುರುಳಿಕಾಯಿ ಪರೀಕ್ಷೆ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದು ನನ್ನಿಂದ ಈ ಜನ್ಮದಲ್ಲಿ ಆಗದ ಕೆಲಸ. ಅಂಬತ್ತೂರಿನ ನಮ್ಮ ಕಾರ್ಖಾನೆಯ ಜನರಲ್ ಮ್ಯಾನೇಜರ್ ಒಂದು ದಿನ ಊಟದ ಹೊತ್ತಿನಲ್ಲಿ ಪಾಶ್ಚಾತ್ಯ ಸಂಗೀತದ ಮಾತೆತ್ತಿದರು. ಸ್ಟ್ರಿಂಗ್ ಕ್ವಾರ್ಟೆಟ್ ಎಂದರೆ ನನಗೆ ಪ್ರಾಣ ಎಂದುಬಿಟ್ಟೆ. ಎರಡು ಪಿಟೀಲು, ಅವುಗಳ ಅಣ್ಣ ವಿಯೋಲಾ, ಅಪ್ಪ ಚೆಲ್ಲೊ ಸೇರಿದ ನಾಲ್ವರ ಮೇಳ ಅದೆಂದು ಅಂದು ಬೆಳಿಗ್ಗೆಯಷ್ಟೇ ಎಲ್ಲೋ ಓದಿದ್ದೆ. ಅವರು ಹಿಗ್ಗಿಹೋಗಿ, ತಮ್ಮ ಮೆಚ್ಚಿನ ಕ್ವಾರ್ಟೆಟ್ ಕೃತಿಯೊಂದರ ಅತ್ಯುತ್ತಮ ಧ್ವನಿಮುದ್ರಣವನ್ನು ಆರಿಸಿ ಭಾನುವಾರ ತಮ್ಮ ಮನೆಗೆ ತರಬೇಕೆಂದರು. ನನ್ನ ಬಡ್ತಿಯ ಕಾಗದ ಅವರ ಮೇಜಿನ ಮೇಲಿದ್ದ ಕಾಲ ಅದು.

ಅದೇ ಕೃತಿಯನ್ನು ಮೂರು ತಂಡಗಳು ನುಡಿಸಿದ ಮೂರು ಸಿ.ಡಿ. ತಂದೆ. ನಾಲ್ಕು ಜನ ನುಡಿಸಿದ್ದನ್ನೇ ಇನ್ನೆಂಟು ಜನ ಯಾಕೆ ನುಡಿಸಬೇಕು ಎಂದಳು ಹೆಂಡತಿ. ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಗೆರೆ ಎಳೆಯದೆ ಯಾವುದನ್ನೂ ಪಾಸು ಮಾಡಿದವನಲ್ಲ. ನಾದ, ಲಯ, ಭಾವ, ಗಾಂಭೀರ್ಯ ಎಂದು ತಖ್ತೆ ಹಾಕಿ, ದಿನಕ್ಕೊಂದು ಸಿ.ಡಿ. ಹಚ್ಚಿ, ಬ್ರೌಸಿಂಗ್ ಸೆಂಟರಿನಲ್ಲಿ ಪ್ರಿಂಟು ತೆಗೆಸಿದ ವಿಮರ್ಶೆಗಳನ್ನು ಓದುತ್ತ ಅಂಕ ತುಂಬಿದೆ. ಮೊದಲ ತಂಡದ ಗಾಂಭೀರ್ಯಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟದ್ದು ಸಿ.ಡಿ. ಹೊದಿಕೆಯ ಚಿತ್ರದಲ್ಲಿ ಅವರ ಕೋಟು ನೋಡಿ.

ಆಗ ಮೈಸೂರಿನಿಂದ ಅತ್ತೆ ಬಂದಿದ್ದರು. ಮೂರು ವಾರವಾಗಿದ್ದರಿಂದ, ಯಾವಾಗ ಹೊರಡುತ್ತಾರಂತೆ ಎಂದು ಹೆಂಡತಿಯನ್ನು ನಯವಾಗಿ ಕೇಳತೊಡಗಿದ್ದೆ. ನಮ್ಮ ವೆಸ್ಟ್ ಮಾಂಬಲಂ ಫ್ಲಾಟಿನಲ್ಲಿ ಇರುವುದೊಂದೇ ಹಾಲ್. ನನ್ನ ಸಂಗೀತದ ಹೊತ್ತಿಗೇ ಅವರು ಅಲ್ಲಿ ಈಳಿಗೆಮಣೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಮೊದಲ ದಿನ ಕಾಯೆಲ್ಲ ಹೆಚ್ಚಿ ಮುಗಿಯಿತು. ಎರಡನೆಯ ದಿನ ಕಾಯಿಯೂ ಮುಗಿದು, ತೆಂಗಿನಕಾಯಿಯನ್ನೂ ತುರಿದಾಯಿತು. ಮೂರನೆಯ ದಿನ ಸಿ.ಡಿ. ನಿಂತಾಗ ತಲೆಯೆತ್ತಿದರೆ, ಒಂದು ಕಾಯಿ ಅವರ ಕೈಯಲ್ಲೇ ಇತ್ತು, ಉಳಿದವೆಲ್ಲ ಮೊರದಲ್ಲಿ ಹಾಗೇ ಇದ್ದವು. ಅಂದು ನಮಗೆ ಪಲ್ಯವಿಲ್ಲದ ಊಟ.

“ಇವರೇ ಸರಿ,” ಎಂದರು ಅತ್ತೆ. “ಮೊದಲಿನವರೆಲ್ಲ ತಮ್ಮ ಪಾಡಿಗೆ ತಾವು ಚೆನ್ನಾಗೇ ನುಡಿಸಿದ್ರು. ಇವರು ಒಬ್ಬರು ಹೇಳೋದನ್ನ ಇನ್ನೊಬ್ಬರು ಕೇಳಿಸ್ಕೋತಾರೆ. ನಡುವೆ ಆ ದಪ್ಪ ದನಿಯವನು ಸುಮ್ಮನಾದಾಗ ಮಿಕ್ಕವರೂ ಕಾದ್ರಲ್ಲ, ಯಾಕೆ?”

ಯಾಕೆಂಬುದಿರಲಿ, ಅವನು ಸುಮ್ಮನಾದದ್ದೇ ನನಗೆ ಗೊತ್ತಿರಲಿಲ್ಲ. ಆಗ ನಾನು ವಿಮರ್ಶೆಯ ಕಡೆಯ ಪುಟದಲ್ಲಿದ್ದೆ. ನನ್ನ ತಖ್ತೆಯಲ್ಲಿ ಆ ತಂಡಕ್ಕೆ ಕೊನೆಯ ಸ್ಥಾನ. ನಿಜಕ್ಕೂ ನಾಚಿಕೆಯಾಯಿತು.

ಭಾನುವಾರ ತಖ್ತೆಯನ್ನು ಮನೆಯಲ್ಲೇ ಬಿಟ್ಟು, ಅತ್ತೆ ಒಪ್ಪಿದ ಸಿ.ಡಿ. ಹಿಡಿದು ಹೋದೆ. ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಅವರ ಲೋಟದ ಕಾಫಿ ಆರಿ ಕೆನೆಗಟ್ಟಿತು. ಯಾವ ಆಧಾರದ ಮೇಲೆ ಆರಿಸಿದಿರಿ ಎಂದಾಗ ಅತ್ತೆಯ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ, ನನ್ನದೇ ಎಂಬಂತೆ ಒಪ್ಪಿಸಿದೆ. ಅವರು ಎದ್ದು ಬಂದು ಕೈ ಕುಲುಕಿದರು. ಇನ್ನು ತಿಂಗಳಿಗೊಂದು ಕ್ವಾರ್ಟೆಟ್ ನೀವೇ ಆರಿಸಿಕೊಡಬೇಕು ಎಂದರು.

ಮಾರುಕಟ್ಟೆಗೆ ಹೋಗಿ ಎರಡು ಕಿಲೋ ಹುರುಳಿಕಾಯಿ ಹೊತ್ತುಕೊಂಡು ಮನೆಗೆ ಬಂದರೆ, ಅತ್ತೆ ಸೀರೆ ಮಡಚಿ ಸೂಟ್‌ಕೇಸಿಗೆ ಇಡುತ್ತಿದ್ದರು. ನನ್ನ ನಯವಾದ ಪ್ರಶ್ನೆ ಅವರಿಗೆ ಮುಟ್ಟಿತ್ತು. ಬುಧವಾರಕ್ಕೆ ಟಿಕೆಟ್ಟೂ ಆಗಿತ್ತು. ಇನ್ನೊಂದು ತಿಂಗಳಾದರೂ ಇರಿ ಎಂದು ಬೇಡಿಕೊಂಡೆ. ಅತ್ತೆಯನ್ನು ಹಾಗೆ ಬೇಡಿಕೊಂಡ ಅಳಿಯ ನಮ್ಮ ಬೀದಿಯಲ್ಲಿ ನಾನೊಬ್ಬನೇ ಇರಬೇಕು. ಅವರು ಕಾಯಿಯ ಚೀಲ ನೋಡಿದರು, ನನ್ನನ್ನು ನೋಡಿದರು.

“ಈಳಿಗೆಮಣೆ ಇಲ್ಲೇ ಇರತ್ತಲ್ಲ, ನೀವೇ ಹೆಚ್ಚಿ,” ಎಂದರು. “ಹೆಚ್ಚುವಾಗ ಏನೂ ಓದಬೇಡಿ.”

ಈಗ ತಿಂಗಳಿಗೊಮ್ಮೆ ನಾನೇ ಹೆಚ್ಚುತ್ತೇನೆ. ಯಾವ ತಂಡವೂ ಇದುವರೆಗೆ ನನ್ನ ಕೈಯನ್ನು ನಿಲ್ಲಿಸಿಲ್ಲ. ಒಂದು ತಂಡ ನುಡಿಸುವಾಗ ಮಾತ್ರ ಬೆರಳು ಕುಯ್ದುಕೊಂಡೆ. ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ.