ಗೌಡರ ಮನೆ ಬಾಗಿಲಲ್ಲಿ ನಿಂತ ಪ್ರೊಸೆಸರ್

ನಮ್ಮ ಮನೆಯಲ್ಲಿ ಒಂದು ಯಂತ್ರ ಕೆಟ್ಟರೆ ಅದೊಂದೇ ಕೆಟ್ಟು ಸುಮ್ಮನಿರುವುದಿಲ್ಲ. ಮನೆಯವರ ತಲೆಯನ್ನೆಲ್ಲ ಕೆಡಿಸಿದ ಮೇಲೆಯೇ ಸರಿಹೋಗುತ್ತದೆ. ಮಿಕ್ಸಿ ಕೆಟ್ಟಾಗ ಹೀಗಾಗಿತ್ತು, ನೀರಿನ ಮೋಟರು ಕೆಟ್ಟಾಗಲೂ ಹೀಗೇ ಆಗಿತ್ತು. ಈ ಸಲ ಸೊಸೆಯ ಕಂಪ್ಯೂಟರಿನ ಸರದಿ.

ನಾನು ವಿಜಯಪುರದ ಕಡೆಯವಳು. ಮಗನ ಸಂಸಾರದ ಜೊತೆ ಹೊರಮಾವಿನ ಅಪಾರ್ಟ್‌ಮೆಂಟಿಗೆ ಬಂದು ಇಷ್ಟು ವರ್ಷವಾದರೂ ಇಲ್ಲಿಯವರ ಅರ್ಧ ಮಾತು ನನಗೆ ತಿಳಿಯುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಆ ಕೊರತೆ ಯಾರಿಗೂ ಕಾಣಲಿಲ್ಲ. ಏಕೆಂದರೆ ಉಳಿದವರಿಗೂ ಏನೂ ತಿಳಿದಿರಲಿಲ್ಲ.

ಹೊಸ್ತಿಲ ಹತ್ತಿರ

ಸೊಸೆ ಆರ್ಕಿಟೆಕ್ಟ್. ಇಂದಿರಾನಗರದ ಒಂದು ಆಫೀಸಿನಲ್ಲಿ ಬೇರೆಯವರ ಹೆಸರಿನಲ್ಲಿ ನಕ್ಷೆ ಬರೆದು ಬರೆದು ಸಾಕಾಗಿ, ಈಗ ನಮ್ಮ ಹಾಲಿನ ಮೂಲೆಯಲ್ಲೇ ಸ್ವಂತ ಕೆಲಸ ಶುರುಮಾಡಿದ್ದಾಳೆ. ಯಾರದೋ ಅಡುಗೆಮನೆ, ಯಾವುದೋ ಅಂಗಡಿಯ ಮುಂಭಾಗ, ಇಂಥವು ಬರುತ್ತಿದ್ದವು. ಇಡೀ ಮನೆಯ ಕೆಲಸ ಅಂತ ಬಂದದ್ದು ಇದೇ ಮೊದಲು. ಕೆ.ಆರ್. ಪುರದ ಆಚೆಯ ಗೌಡರೊಬ್ಬರದು. ಅವರ ಹಿರಿಯರು ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಉಳಿದ ಒಂದು ತುಂಡಿನಲ್ಲಿ ಅಣ್ಣತಮ್ಮಂದಿರೆಲ್ಲ ಒಟ್ಟಿಗಿರುವ ಮನೆ ಕಟ್ಟಬೇಕು. ಆದರೆ ಹೂಂ ಅನ್ನಬೇಕಾದವರು ಗೌಡರ ತಾಯಿ. ಕಾಗದದ ಮೇಲಿನ ಗೆರೆ ಅವರಿಗೆ ತಿಳಿಯುವುದಿಲ್ಲ. ಅದಕ್ಕೇ ಸೊಸೆ ಕಂಪ್ಯೂಟರಿನೊಳಗೇ ಮನೆ ಕಟ್ಟಿ, ಒಳಗೆಲ್ಲ ನಡೆದಾಡಿದಂತೆ ತೋರಿಸುವುದೆಂದು ಇಬ್ಬರನ್ನೂ ಕರೆದಿದ್ದಳು.

ತಾಯಿ, ಮಗ ಬಂದು ಕೂತರು. ನಾನು ಮಜ್ಜಿಗೆ ಕೊಟ್ಟೆ. ಸೊಸೆ ಮೌಸ್ ಹಿಡಿದು ಗೇಟಿನಿಂದ ಅಂಗಳ, ಅಂಗಳದಿಂದ ಮುಂಬಾಗಿಲು ಅಂತ ಕರೆದುಕೊಂಡು ಹೋದಳು. ಬಾಗಿಲ ಎರಡೂ ಕಡೆ ಹಳೆಯ ಮನೆಗಳಲ್ಲಿರುವಂಥ ಜಗುಲಿ ಇಟ್ಟಿದ್ದಳು. ಹೊಸ್ತಿಲಿಗೆ ಬಂದದ್ದೇ ಚಿತ್ರ ನಿಂತುಬಿಟ್ಟಿತು. ಒಂದು ಸಣ್ಣ ಚಕ್ರ ಸುತ್ತತೊಡಗಿತು. ಸೊಸೆ ನಕ್ಕಳು. ಚಕ್ರ ಸುತ್ತಿತು. ಸೊಸೆ ನಗುವುದನ್ನು ನಿಲ್ಲಿಸಿದಳು. ಚಕ್ರ ಸುತ್ತುವುದನ್ನು ನಿಲ್ಲಿಸಲಿಲ್ಲ. ಮೇಜಿನ ಮೇಲಿನ ಕಂಪ್ಯೂಟರ್ ಡಬ್ಬಿ ಹಿಟ್ಟಿನ ಗಿರಣಿಯ ಹಾಗೆ ಗೊರಗೊರ ಅನ್ನುತ್ತಿತ್ತು.

ಗೌಡರು ಕೈಗಡಿಯಾರ ನೋಡಿಕೊಂಡರು. "ಏನ್ ಮೇಡಂ, ನಮ್ಮನೆ ಒಳಗೆ ಹೋಗಕ್ಕೆ ನಮಗೇ ಪರ್ಮಿಷನ್ ಬೇಕಾ?"

ತಾಯಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. "ಸುಮ್ನಿರೋ. ಗೃಹಪ್ರವೇಶ ಅಂದ್ಮೇಲೆ ಮುಹೂರ್ತ ಬರೋವರ್ಗೂ ಹೊರಗೇ ನಿಲ್ಬೇಕು."

ಅವತ್ತು ಮುಹೂರ್ತ ಬರಲೇ ಇಲ್ಲ. ಮುಂದಿನ ಬುಧವಾರ ಮತ್ತೆ ಬರುವುದಾಗಿ ಗೌಡರು ಎದ್ದರು. ಚಪ್ಪಲಿ ಹಾಕಿಕೊಳ್ಳುತ್ತಾ, ತಮ್ಮ ಭಾವಮೈದುನನಿಗೆ ಗೊತ್ತಿರುವ ಎಂಜಿನಿಯರ್ ಒಬ್ಬನಿದ್ದಾನೆಂದೂ ಅವನ ಕಂಪ್ಯೂಟರಿನಲ್ಲಿ ಮನೆ ಸರ್ರಂತ ಓಡುತ್ತದೆಂದೂ ತಿಳಿಸಿ ಹೋದರು. ಬುಧವಾರವೂ ಬಾಗಿಲಲ್ಲೇ ನಿಂತರೆ ಕೆಲಸ ಯಾರ ಪಾಲಿಗೆ ಎನ್ನುವುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮದುವೆ ಮನೆಯ ಅಡುಗೆಯವರು

ಕಂಪ್ಯೂಟರಿನ ಮಿದುಳಿಗೆ ಪ್ರೊಸೆಸರ್ ಅನ್ನುತ್ತಾರಂತೆ. ಸೊಸೆಯದು ಹಳೆಯದಾಯಿತು, ಬದಲಿಸಬೇಕೋ ಬೇಡವೋ ಎನ್ನುವುದು ಪ್ರಶ್ನೆ. ಅವಳು ಹಳೆಯ ಆಫೀಸಿನ ಗೆಳತಿಗೆ ಫೋನ್ ಮಾಡಿ ಕೇಳಿದಳು. ಆ ಹುಡುಗಿ ಬಹಳ ಹೊತ್ತು ವಿವರಿಸಿದಳು. ಫೋನ್ ಇಟ್ಟ ಮೇಲೆ ಸೊಸೆಯ ಮುಖ ಫೋನ್ ಮಾಡುವ ಮುಂಚೆ ಇದ್ದುದಕ್ಕಿಂತ ಗೊಂದಲವಾಗಿತ್ತು.

ನನಗೆ ತಿಳಿಯುವ ಹಾಗೆ ಹೇಳು ಅಂದೆ. ಅವಳು ಹೇಳಿದ್ದು ಹೀಗೆ. ಒಂದು ಪ್ರೊಸೆಸರಿನೊಳಗೆ ಹಲವಾರು ಕೆಲಸಗಾರರು, ಮದುವೆ ಮನೆಯ ಅಡುಗೆಯವರ ಹಾಗೆ. ನಕ್ಷೆ ಬರೆಯುವಾಗ, ಮನೆಯೊಳಗೆ ನಡೆದಾಡುವಾಗ ಕೆಲಸ ಮಾಡುವವನು ಹೆಚ್ಚುಕಮ್ಮಿ ಒಬ್ಬನೇ. ಉಳಿದವರು ಕೈಕಟ್ಟಿ ನಿಂತಿರುತ್ತಾರೆ. ಕೊನೆಗೆ ಫೋಟೋದಂಥ ಚಿತ್ರ ತೆಗೆಯುವುದಿದೆಯಲ್ಲ, ಅದಕ್ಕೆ ರೆಂಡರ್ ಅನ್ನುತ್ತಾರೆ, ಅದು ಬಂದಾಗ ಮಾತ್ರ ಎಲ್ಲರೂ ಒಟ್ಟಿಗೆ ಸೌಟು ಹಿಡಿಯುತ್ತಾರೆ.

"ಹಂಗಾದ್ರ ನಮಗ ಬೇಕಾಗಿದ್ದು ಇನ್ನೂ ನಾಲ್ಕ್ ಮಂದಿ ಅಡಗಿಯವರೋ, ಕೈ ಚುರುಕಿರೋ ಒಬ್ಬಾವನೋ?" ಅಂದೆ.

ಸೊಸೆ ನನ್ನನ್ನೇ ನೋಡುತ್ತಾ ಕೂತಳು. ಪಾಪ, ಅವಳ ಕೆಲಸದ ವಿಷಯದಲ್ಲಿ ನಾನು ಕೇಳಿದ ಮೊದಲ ಸರಿಯಾದ ಪ್ರಶ್ನೆಯಂತೆ ಅದು. ಆಮೇಲೆ ಮತ್ತೆ ಗೆಳತಿಗೆ ಫೋನ್ ಮಾಡಿದಳು. "ನಮ್ಮತ್ತೆ ಕೇಳ್ತಿದ್ದಾರೆ ಕಣೇ," ಅಂತ ಶುರುಮಾಡಿದಳು.

ಅತ್ತ ಕಡೆಯಿಂದ ಬಂದ ಉತ್ತರ ಇಷ್ಟು: ಅದು ನೀವು ಎಂಥ ಊಟ ಹಾಕಿಸ್ತೀರ ಅನ್ನೋದರ ಮೇಲಿದೆ.

ಉತ್ತರ ದಿಕ್ಕು

ನಮ್ಮ ಮಹಡಿಯಲ್ಲೇ ಕಾರ್ಖಾನೆಯಿಂದ ರಿಟೈರಾದ ಹಿರಿಯರೊಬ್ಬರಿದ್ದಾರೆ. ಲಿಫ್ಟಿನಲ್ಲಿ ಸಿಕ್ಕಿದವರಿಗೆ ನೆಲ ಮುಟ್ಟುವುದರೊಳಗೆ ಸಲಹೆ ಕೊಟ್ಟು ಮುಗಿಸುತ್ತಾರೆ. ಅವರು ಬಂದು ನೋಡಿ, ಪ್ರೊಸೆಸರೂ ಬೇಡ ಏನೂ ಬೇಡ, ಕಂಪ್ಯೂಟರು ದಕ್ಷಿಣಕ್ಕೆ ಮುಖ ಮಾಡಿಕೊಂಡಿದೆ, ಉತ್ತರಕ್ಕೆ ತಿರುಗಿಸಿ, ತಾನೇ ಓಡುತ್ತದೆ ಅಂದರು.

ಸೊಸೆ ನಯವಾಗಿ ನಕ್ಕು, ಮಷೀನಿಗೆ ದಿಕ್ಕು ಗೊತ್ತಾಗಲ್ಲ ಅಂಕಲ್ ಅಂದಳು. ಈ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು. ಆಯುಧಪೂಜೆಯ ದಿನವೂ ನನಗೆ ಗ್ರೈಂಡರು, ಸ್ಕೂಟರು ಮಾತ್ರ ಬಿಟ್ಟುಕೊಡುತ್ತಾಳೆ. ಕಂಪ್ಯೂಟರಿಗೆ ಒಂದು ಚುಕ್ಕಿ ಕುಂಕುಮವನ್ನೂ ಇಡಗೊಡುವುದಿಲ್ಲ. ಅದು ವಿಜ್ಞಾನ ಅತ್ತೆ, ಅನ್ನುತ್ತಾಳೆ.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಮೇಜು ಉತ್ತರಕ್ಕೆ ತಿರುಗಿದೆ. ಏನವ್ವಾ ಇದು ಅಂತ ಕೇಳಿದೆ. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು ಅಂದಳು.

ಹೊಸ ಜಾಗದಲ್ಲಿ ಕಿಟಕಿ ನೇರ ಅವಳ ಎದುರಿಗೇ ಇತ್ತು. ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡುತ್ತಿದ್ದಳು.

ಉಳಿಯುವುದು ಏನು

ಉತ್ತರಕ್ಕೆ ತಿರುಗಿದರೂ ಚಿತ್ರ ಹೊಸ್ತಿಲು ದಾಟಲಿಲ್ಲ. ಶುಕ್ರವಾರ ಶಿವಾಜಿನಗರಕ್ಕೆ ಹೊರಟೆವು. ಕಮರ್ಷಿಯಲ್ ಸ್ಟ್ರೀಟಿನ ಹಿಂದೆ ಒಂದು ಓಣಿಯಲ್ಲಿ ಸೊಸೆಗೆ ಪರಿಚಯದ ಕಂಪ್ಯೂಟರ್ ಅಂಗಡಿಯಿದೆ. ಅಂಗಡಿಯ ಸಾಬರು ತಾವು ಮನೆಯಲ್ಲಿ ಮಾತಾಡುವ ಉರ್ದುವಿನಲ್ಲೇ ಯಾರನ್ನೋ ಕೂಗಿ ಚಹಾ ಹೇಳಿದರು. ನನ್ನ ಕಿವಿ ನೆಟ್ಟಗಾಯಿತು. ನಮ್ಮೂರಿನ ಓಣಿಯ ಮಾತೇ ಅದು. ನಾನೂ ಅದರಲ್ಲೇ, ನನಗೆ ಚಹಾ "ನಕ್ಕೋ" ಅಂದೆ. ಬೇಡ ಅಂದದ್ದಕ್ಕೇ ಅವರಿಗೆ ಎಷ್ಟು ಖುಷಿಯಾಯಿತೆಂದರೆ ಚಹಾ ಜೊತೆ ಬಿಸ್ಕತ್ತೂ ಬಂತು.

ಆಮೇಲೆ ವಿಷಯಕ್ಕೆ ಬಂದರು. ಹೊಸ ಪ್ರೊಸೆಸರ್ ಹಾಕಬಹುದು, ಆದರೆ ಅದು ಹಳೆಯ ಬೋರ್ಡಿನ ಮೇಲೆ ಕೂರುವುದಿಲ್ಲ, ಬೋರ್ಡು ಬದಲಿಸಬೇಕು. ಬೋರ್ಡು ಬದಲಾದರೆ ಹಳೆಯ ಮೆಮೊರಿ ಅದಕ್ಕೆ ಹೊಂದುವುದಿಲ್ಲ. ಹೊಸದಕ್ಕೆ ಕಾವು ಜಾಸ್ತಿ, ದೊಡ್ಡ ಫ್ಯಾನು ಬೇಕು. ದೊಡ್ಡ ಫ್ಯಾನಿಗೆ ಈ ಡಬ್ಬಿ ಸಾಲದು. ಇಷ್ಟಕ್ಕೆಲ್ಲ ಕರೆಂಟು ಕೊಡುವ ಪೆಟ್ಟಿಗೆಯೂ ದೊಡ್ಡದಾಗಬೇಕು. ಸೊಸೆ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಆಡಿಸುವ ವೇಗ ಕಡಿಮೆಯಾಗುತ್ತಾ ಬಂತು.

ನನಗೆ ತಡೆಯಲಾಗಲಿಲ್ಲ. "ಹಳೇದರಾಗ ಉಳಿಯೂದು ಏನಪಾ ಹಂಗಾದ್ರ?"

ಅವರು ನಿಜಕ್ಕೂ ಯೋಚನೆ ಮಾಡಿದರು. "ಮೌಸ್ ಇರ್ಲಿ ಅಮ್ಮಾ. ಚೆನ್ನಾಗಿದೆ ಅದು."

ಸದ್ಯ ಒಳಗಿರುವ ಬೋರ್ಡು ಯಾವುದು ಅಂತ ಅವರು ಕೇಳಿದರೆ ಸೊಸೆಗೆ ನೆನಪಿರಲಿಲ್ಲ. ಅದನ್ನು ನೋಡದೆ ಏನನ್ನೂ ಹೇಳುವಂತಿಲ್ಲ, ಮಂಗಳವಾರ ಕಮ್ಮನಹಳ್ಳಿಯಲ್ಲಿ ಕೆಲಸವಿದೆ, ಹಾಗೇ ಹೊರಮಾವಿಗೆ ಬಂದು ಡಬ್ಬಿ ಬಿಚ್ಚಿ ನೋಡುತ್ತೇನೆ ಅಂದರು.

ಗೌಡರ ಲೆಕ್ಕ

ನಡುವೆ ಗೌಡರು ಫೋನ್ ಮಾಡಿದರು. ಸೊಸೆ ಪ್ರಾಮಾಣಿಕಳು, ಪ್ರೊಸೆಸರ್ ಬದಲಿಸುವ ಯೋಚನೆಯಿದೆ ಅಂದುಬಿಟ್ಟಳು. ಅವರು ತಮ್ಮ ಅನುಭವ ಹೇಳಿದರು. ಹೋದ ವರ್ಷ ದೊಡ್ಡ ಎಂಜಿನ್ನಿನ ಹೊಸ ಕಾರು ತಗೊಂಡರಂತೆ. ಕೆ.ಆರ್. ಪುರದಿಂದ ಹೊರಟು ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತರೆ, ಪಕ್ಕದಲ್ಲಿ ಅವರ ಬಾಡಿಗೆ ಮನೆಯವನು ಆಟೋದಲ್ಲಿ ಬಂದು ನಿಂತಿದ್ದನಂತೆ. ಇಬ್ಬರೂ ಹಲಸೂರಿನವರೆಗೆ ಪಕ್ಕಪಕ್ಕದಲ್ಲೇ ಮಾತಾಡಿಕೊಂಡು ಬಂದರಂತೆ.

"ಅಷ್ಟೇ ಮೇಡಂ," ಅಂದರು. "ಎಂಜಿನ್ ದೊಡ್ದಾದ್ರೆ ಸಾಲ್ದು, ದಾರಿ ಬಿಡಬೇಕು."

ಇದನ್ನು ಬದಲಿಸು ಅಂತ ತಿಳಿಯಬೇಕೋ, ಬದಲಿಸಬೇಡ ಅಂತ ತಿಳಿಯಬೇಕೋ ನಮಗೆ ಗೊತ್ತಾಗಲಿಲ್ಲ. ಫೋನ್ ಇಡುವಾಗ ಮಾತ್ರ ಬುಧವಾರ ತಾಯಿಯ ಜೊತೆ ಭಾವಮೈದುನನೂ ಬರುತ್ತಾನೆ ಅಂದರು. ಸೊಸೆ ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ಈ ಮನೆ ಕೈತಪ್ಪಿದರೆ ಮತ್ತೆ ಇಂದಿರಾನಗರದ ಆಫೀಸಿಗೇ ಹೋಗಿ ಕೇಳಬೇಕಾಗುತ್ತೆ ಅತ್ತೆ, ಅಂದಳು. ಅವಳನ್ನು ನಗಿಸೋಣವೆಂದು, ಮೌಸ್ ತಗೊಂಡು ಹೋಗವ್ವಾ, ಅದು ಚೆನ್ನಾಗೈತಿ ಅಂದೆ. ನಗಲಿಲ್ಲ.

ಡಬ್ಬಿಯ ಹೊಟ್ಟೆ

ಮಂಗಳವಾರ ಸಾಬರು ಬಂದರು. ಸೊಸೆ ಅಷ್ಟು ಹೊತ್ತಿಗೆ ಎಲ್ಲವನ್ನೂ ಬದಲಿಸುವುದೇ ಅಂತ ಮನಸ್ಸು ಮಾಡಿಬಿಟ್ಟಿದ್ದಳು. ಅವರು ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಬೋರ್ಡಿನ ಹೆಸರು ಓದಲೆಂದು ಟಾರ್ಚ್ ಬಿಟ್ಟು ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು. ಆಮೇಲೆ ತಲೆಯೆತ್ತಿ ಸೊಸೆಯನ್ನು ಬಿಟ್ಟು ನನ್ನನ್ನು ನೋಡಿದರು.

"ಅಮ್ಮಾ, ಪೂಜೆ ಸ್ವಲ್ಪ ಜೋರಾಗಿದೆ."

ನಾನೂ ಇಣುಕಿದೆ. ಪ್ರೊಸೆಸರಿನ ಮೇಲೆ ಅದನ್ನು ತಂಪು ಮಾಡುವ ಫ್ಯಾನಿದೆಯಲ್ಲ, ಅದರ ಸಂದಿಯಲ್ಲೆಲ್ಲ ಒಣಗಿದ ಸೇವಂತಿಗೆ ಎಸಳು. ಧೂಳಿನ ಜೊತೆ ಕುಂಕುಮ ಕೂಡಿಕೊಂಡು ರೆಕ್ಕೆಗಳಿಗೆಲ್ಲ ಮೆತ್ತಿಕೊಂಡಿದೆ. ಒಂದು ಬಿಲ್ವಪತ್ರೆ ಕಡ್ಡಿಯೂ ಇತ್ತು. ಇಷ್ಟು ವರ್ಷದಲ್ಲಿ ನಾನು ಮಾಡಿದ ಯಾವ ಪೂಜೆಯೂ ಇಷ್ಟು ಚೆನ್ನಾಗಿ ಕಂಡಿರಲಿಲ್ಲ.

"ನಾ ಅಲ್ಲಪಾ," ಅಂದೆ. "ನನಗ ಈ ಡಬ್ಬಿ ಮುಟ್ಟಾಕ ಬಿಡಂಗಿಲ್ಲ. ವಿಜ್ಞಾನ ಅಂತ ಇದು."

ಈಗ ಇಬ್ಬರೂ ಸೊಸೆಯ ಕಡೆ ತಿರುಗಿದೆವು. ಅವಳು ಉತ್ತರದ ಕಿಟಕಿಯನ್ನೇ ನೋಡುತ್ತಿದ್ದಳು.

"ರೆಂಡರ್ ಅರ್ಧಕ್ಕೇ ನಿಂತುಹೋಗ್ತಿತ್ತು ಅತ್ತೆ," ಅಂದಳು ಕೊನೆಗೆ. "ಹಲಸೂರಿನ ದೇವಸ್ಥಾನದಿಂದ ಪ್ರಸಾದ ತಂದು ಡಬ್ಬಿ ಮೇಲಿಡ್ತಿದ್ದೆ. ಸಂಜೆ ನೋಡಿದ್ರೆ ಹೂವು ಇರ್ತಿರ್ಲಿಲ್ಲ. ನೀವು ತೆಗೆದಿಡ್ತೀರ ಅನ್ಕೊಂಡಿದ್ದೆ."

ಡಬ್ಬಿಯ ನೆತ್ತಿಯಲ್ಲಿ ಗಾಳಿಯಾಡಲು ಜಾಲರಿಯಿತ್ತು. ಮೇಲಿಟ್ಟದ್ದು ಕಾವಿಗೆ ಒಣಗಿ, ಎಸಳೆಸಳಾಗಿ ಒಳಗೆ ಇಳಿದಿತ್ತು. ಗಾಳಿ ಸಿಗದೆ ಪ್ರೊಸೆಸರ್ ಕಾದಿತ್ತು. ಕಾದರೆ ಸುಟ್ಟುಹೋಗಬಾರದೆಂದು ಅದು ತಾನಾಗಿಯೇ ನಿಧಾನ ಮಾಡುತ್ತದಂತೆ. ಏಪ್ರಿಲ್ ತಿಂಗಳಲ್ಲಿ ನಾನೂ ಹಾಗೇ ಮಾಡುತ್ತೇನೆ. ಅದು ನಿಧಾನವಾದಷ್ಟೂ ಇವಳು ಹೂವು ಇಟ್ಟಿದ್ದಾಳೆ. ಹೂವು ಇಟ್ಟಷ್ಟೂ ಅದು ನಿಧಾನವಾಗಿದೆ. ಸೋಮವಾರ ಸೋಮವಾರ ಹಲಸೂರಿನಲ್ಲಿ ಸೈಟ್ ನೋಡುವುದಿದೆ ಅಂತ ಹೋಗುತ್ತಿದ್ದದ್ದು ಯಾವ ಸೈಟಿಗೆ ಅಂತಲೂ ನನಗೆ ಅವತ್ತೇ ಗೊತ್ತಾಯಿತು.

ಸಾಬರು ದೇವರ ಹೂವು ಕಸಕ್ಕೆ ಹಾಕಬಾರದು ಅಂತ ಎಸಳುಗಳನ್ನೆಲ್ಲ ಚಿಮಟದಿಂದ ಆರಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. ಫ್ಯಾನು ಒರೆಸಿ, ಎಂಥದೋ ಮುಲಾಮು ಹಚ್ಚಿ ಕೂರಿಸಿದರು. ಗೊರಗೊರ ನಿಂತಿತು. ಈಗ ಪ್ರೊಸೆಸರ್ ಬದಲಿಸಬೇಕೋ ಬೇಡವೋ ಅಂತ ಸೊಸೆ ಕೇಳಿದಳು. ಬೇಡ ಮೇಡಂ, ಇದೇ ಸಾಕು ಅಂದರು. ಅಂಗಡಿ ನಡೆಸುವವರು ಅಷ್ಟು ಬೇಸರದಿಂದ ನಿಜ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಬುಧವಾರ

ಗೌಡರು, ಅವರ ತಾಯಿ, ಭಾವಮೈದುನ ಬಂದು ಕೂತರು. ಸೊಸೆ ಮೌಸ್ ಮುಟ್ಟಿದಳು. ಗೇಟು, ಅಂಗಳ, ಬಾಗಿಲು, ಹಾಲು, ಅಡುಗೆಮನೆ, ಮಹಡಿ, ಟೆರೇಸು. ಸರ್ರಂತ ಹೋಯಿತು. ಭಾವಮೈದುನ ಬಾಯಿ ತೆರೆಯಲಿಲ್ಲ. ಗೌಡರು ಭೇಷ್ ಅಂದರು. ಸೊಸೆ ಗೆದ್ದವಳ ಹಾಗೆ ತಾಯಿಯ ಮುಖ ನೋಡಿದಳು.

ತಾಯಿ ಕುರ್ಚಿಯ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು.

"ಏ ತಾಯಿ, ನಮ್ಮನ್ನ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ," ಅಂದರು. "ತಲೆ ತಿರುಗ್ತು ನಂಗೆ. ಇದೆಂಥ ಮನೆನೋ ಏನೋ, ಒಂದೂ ಕಾಣ್ಲಿಲ್ಲ."

ಸೊಸೆಯ ಮುಖ ಬಿಳಿಚಿಕೊಂಡಿತು. ಭಾವಮೈದುನ ಬಾಯಿ ತೆರೆದ. ಅಷ್ಟರಲ್ಲಿ ತಾಯಿಯೇ ಕಣ್ಣು ಬಿಟ್ಟು ಮುಂದುವರಿಸಿದರು.

"ಹೋದ ಸಲ ಎಷ್ಟು ಚೆನ್ನಾಗಿ ತೋರಿಸಿದ್ದೆ. ಬಾಗಿಲ ಹತ್ರ ನಿಲ್ಲಿಸಿ, ಸಾವಧಾನವಾಗಿ. ಆ ಜಗುಲಿ ಮೇಲೆ ಕೂತು ಸೊಪ್ಪು ಬಿಡಿಸ್ಬೋದು ಅಂತ ನಾನು ಅವತ್ತೇ ಮನಸ್ಸಲ್ಲಿ ಒಪ್ಪಿದ್ದೆ. ಹಂಗೇ ತೋರ್ಸು. ಒಂದೊಂದು ಬಾಗ್ಲಲ್ಲೂ ನಿಲ್ಸು."

ಸೊಸೆ ಒಂದೊಂದು ಬಾಗಿಲಲ್ಲೂ ನಿಲ್ಲಿಸಿದಳು. ತಾಯಿ ಒಂದೊಂದು ಕೋಣೆಯನ್ನೂ ಕಣ್ತುಂಬ ನೋಡಿ, ಕೊನೆಗೆ ಮಗನಿಗೆ, ಕಟ್ಟಿಸು ಅಂದರು. ಭಾವಮೈದುನ ಮಜ್ಜಿಗೆ ಕುಡಿದ.

ಅವರು ಹೋದ ಮೇಲೆ ಸುದ್ದಿ ಹೇಳೋಣವೆಂದು ನಾನೇ ಸಾಬರಿಗೆ ಫೋನ್ ಮಾಡಿದೆ. ಕೆಲಸ ಸಿಕ್ಕಿತು, ಆದರೆ ಗೌಡರ ತಾಯಿಗೆ ನಿಧಾನವಾಗಿ ಓಡುತ್ತಿದ್ದದ್ದೇ ಇಷ್ಟವಾಗಿತ್ತಂತೆ ಅಂದೆ.

"ಆ ಪೊಟ್ಟಣ ಇದೆಯಲ್ಲಮ್ಮಾ, ಎಸೀಬೇಡಿ," ಅಂದರು. "ಮುಂದಿನ ಮಂಗಳವಾರ ಆ ಕಡೆ ಬರ್ತೀನಿ. ಹೂವು ವಾಪಸ್ ಹಾಕ್ಕೊಡ್ತೀನಿ."