ಸ್ಪಷ್ಟೀಕರಣವೋ ತಿದ್ದುಪಡಿಯೋ

ತಪ್ಪು ಮಾಡುವುದು ಸುಲಭ. ಮಾಡಿದ ತಪ್ಪಿಗೆ ಸರಿಯಾದ ಹೆಸರಿಡುವುದು ಬಹಳ ಕಷ್ಟ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಐವತ್ತರ ದಶಕದ ಕೊನೆಯಲ್ಲಿ ನಾನು ಬಂಗಾರಪೇಟೆಯಲ್ಲಿ ಬೆಂಗಳೂರಿನ ಒಂದು ದಿನಪತ್ರಿಕೆಯ ಏಜೆಂಟನಾಗಿದ್ದೆ. ಏಜೆಂಟನಾದವನೇ ಆ ಊರಿನ ಬಾತ್ಮೀದಾರನೂ ಆಗುವುದು ನಮ್ಮ ಪತ್ರಿಕೆಯ ಪದ್ಧತಿ. ಬೆಳಿಗ್ಗೆ ರೈಲಿನಲ್ಲಿ ಬಂದ ಕಟ್ಟನ್ನು ಬಿಚ್ಚಿ, ಚಿನ್ನದ ಗಣಿಯ ಕಡೆಗೆ ಹೋಗುವ ರೈಲು ಹತ್ತಿ, ಮಾರಿಕುಪ್ಪಂವರೆಗೆ ಪತ್ರಿಕೆ ಮಾರುವವನು ನಾನೇ. ಮಧ್ಯಾಹ್ನ ಸುದ್ದಿ ಬರೆದು ಲಕೋಟೆಯನ್ನು ಬೆಂಗಳೂರಿನ ರೈಲಿಗೆ ಹಾಕುವವನೂ ನಾನೇ. ಅಡುಗೆ ಮಾಡಿದವನೇ ಬಡಿಸಲು ನಿಂತರೆ ಉಣ್ಣುವವರು ಉಪ್ಪು ಹೆಚ್ಚೆಂದು ಮುಖದ ಮೇಲೆಯೇ ಹೇಳಿಬಿಡುತ್ತಾರಲ್ಲ, ಅಂಥ ಉದ್ಯೋಗ.

ಸುದ್ದಿ ಬರೆಯುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವಿಚಾರಣೆ, ಬಂಧನ, ಆರೋಪಿ, ಅಪರಾಧಿ ಎಲ್ಲ ಒಂದೇ ಮನೆಯ ಅಣ್ಣತಮ್ಮಂದಿರು, ಯಾರನ್ನು ಕರೆದರೂ ಕೆಲಸ ನಡೆಯುತ್ತದೆ ಎಂದುಕೊಂಡಿದ್ದೆ. ಯಾವುದು ಹೆಚ್ಚು ಜೋರಾಗಿ ಕೇಳಿಸುತ್ತದೋ ಅದನ್ನು ಬರೆಯುತ್ತಿದ್ದೆ.

ಮೈಸೂರು ಮೈನ್ಸ್ ಕಡೆಯ ಒಂದು ಗಣಿಯಲ್ಲಿ ಮುನಿವೆಂಕಟಪ್ಪ ಎಂಬ ಕಾರ್ಮಿಕನಿದ್ದ. ಗಣಿಯಿಂದ ಮೇಲೆ ಬಂದವರನ್ನು ಗೇಟಿನಲ್ಲಿ ತಡವಿ ನೋಡಿಯೇ ಹೊರಗೆ ಬಿಡುತ್ತಿದ್ದರು. ಒಂದು ದಿನ ಅವನ ಬುತ್ತಿಡಬ್ಬಿಯಲ್ಲಿ ಮುಷ್ಟಿಗಾತ್ರದ ಕಪ್ಪು ಕಲ್ಲೊಂದು ಸಿಕ್ಕಿತು. ಮನೆಯಲ್ಲಿ ಬೆಕ್ಕಿನ ಕಾಟವಂತೆ. ಮೊಸರಿನ ಗಡಿಗೆಯ ಮುಚ್ಚಳದ ಮೇಲೆ ಇಡಲಿಕ್ಕೆ ಒಯ್ಯುತ್ತಿದ್ದನಂತೆ. ಚಿನ್ನ ಅಗೆಯುವ ಜಾಗದಲ್ಲಿ ಈ ಮಾತನ್ನು ಯಾರು ನಂಬುತ್ತಾರೆ? ಕಲ್ಲನ್ನು ಪರೀಕ್ಷೆಗೆ ಕಳಿಸಿ, ಅವನನ್ನು ಕೂರಿಸಿಕೊಂಡು ವಿಚಾರಿಸಿ, ಸಂಜೆಗೆ ಮನೆಗೆ ಕಳಿಸಿದರು. ಅಷ್ಟರಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ನಾನು ‘ಚಿನ್ನದ ಅದಿರು ಕದ್ದ ಕಾರ್ಮಿಕನ ಬಂಧನ’ ಎಂದು ಅವನ ಹೆಸರು ಸಮೇತ ಬರೆದು ಲಕೋಟೆ ಅಂಟಿಸಿಯಾಗಿತ್ತು. ಮರುದಿನ ಒಂದು ಪ್ರತಿಯೂ ಉಳಿಯಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಹಿಗ್ಗಿದ್ದೆ.

ನಾಲ್ಕು ದಿನ ಕಳೆದ ಮೇಲೆ ಮುನಿವೆಂಕಟಪ್ಪ ಮಾರಿಕುಪ್ಪಂ ಪ್ಲಾಟ್‌ಫಾರಮಿನಲ್ಲಿ ನನ್ನನ್ನು ಹಿಡಿದ. ಹೊಡೆಯುತ್ತಾನೆಂದು ಪತ್ರಿಕೆಯ ಕಟ್ಟನ್ನು ಎದೆಗೆ ಅಡ್ಡ ಹಿಡಿದೆ. ಅವನು ಕೂಗಾಡಲೂ ಇಲ್ಲ.

“ಕಲ್ಲಾಗೆ ಏನೂ ಇಲ್ಲಾಂತ ಗಣಿಯೋರೇ ಬರ್ದು ಕೊಟ್ಟವ್ರೆ ಸಾಮಿ. ನೀವು ಬರ್ದಿದ್ದು ಮಾತ್ರ ಅಂಗೇ ಐತೆ. ನಮ್ಮೋಳು ನಲ್ಲಿತಾಕೆ ನೀರಿಗೋದ್ರೆ ಎಂಗಸ್ರು ತಂತಮ್ಮ ಬಿಂದಿಗೆ ಪಕ್ಕಕ್ಕೆ ಎಳ್ಕಂತವ್ರೆ. ಈಗ ಉರಿಬಿಸ್ಲಾಗೆ, ಯಾರೂ ಇಲ್ದಾಗ ಓಗಿ ನೀರು ತತ್ತವ್ಳೆ.”

ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಆ ಮಧ್ಯಾಹ್ನವೇ ನಡೆದದ್ದನ್ನು ತಿಳಿಸಿ ಬೆಂಗಳೂರಿಗೆ ಬರೆದೆ: ‘ಸದರಿ ವರದಿಯಿಂದ ಓದುಗರಲ್ಲಿ ತಪ್ಪು ತಿಳಿವಳಿಕೆ ಉಂಟಾಗಿರುವುದರಿಂದ ಈ ಸ್ಪಷ್ಟೀಕರಣ.’ ಸ್ಪಷ್ಟೀಕರಣ ನಮ್ಮ ಮನೆಯಲ್ಲಿಯೂ ಬಳಕೆಯಲ್ಲಿದ್ದ ವಸ್ತು. ಸಾರಿಗೆ ಖಾರ ಹೆಚ್ಚಾಯಿತೆಂದರೆ ನನ್ನಾಕೆ, “ಖಾರ ಸರಿಯಾಗಿಯೇ ಇದೆ, ನಿಮ್ಮ ನಾಲಿಗೆ ಸರಿಯಿಲ್ಲ” ಎನ್ನುತ್ತಿದ್ದಳು.

ಸಂಪಾದಕರು ನನ್ನ ಕಾಗದವನ್ನು ವಾಪಸು ಕಳಿಸಿದರು. ಕೆಳಗೆ ಕೆಂಪು ಮಸಿಯಲ್ಲಿ ಬರೆದಿದ್ದರು: ‘ನಾವು ಹೇಳಿದ್ದು ಸರಿಯಿದ್ದು ಓದುಗರಿಗೆ ಅರ್ಥವಾಗದಿದ್ದರೆ ಸ್ಪಷ್ಟೀಕರಣ. ಹೇಳಿದ್ದೇ ತಪ್ಪಾದರೆ ತಿದ್ದುಪಡಿ. ಇಲ್ಲಿ ಓದುಗರಿಗೆ ಚೆನ್ನಾಗಿಯೇ ಅರ್ಥವಾಗಿದೆ. ವಿಚಾರಣೆಯನ್ನು ಬಂಧನವೆಂದು ಬರೆದವರು ನೀವು. ಕಳ್ಳತನ ರುಜುವಾತಾಗುವ ಮೊದಲೇ ತೀರ್ಪು ಕೊಟ್ಟವರೂ ನೀವೇ.’

ತಿದ್ದುಪಡಿ ಅಚ್ಚಾಯಿತು. ಒಳಪುಟದಲ್ಲಿ, ಕೂದಲೆಣ್ಣೆಯ ಜಾಹೀರಾತಿನ ಕೆಳಗೆ, ನಾಲ್ಕು ಸಾಲು. ದೊಡ್ಡ ಉಪಕಾರ ಮಾಡಿದವನಂತೆ ಪ್ರತಿಯನ್ನು ಮುನಿವೆಂಕಟಪ್ಪನಿಗೆ ಕೊಟ್ಟೆ. ಅವನಿಗೆ ಓದು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ.

“ಇಲ್ಲಿ ಓದಿದ್ರೆ ಯಾರ್ಗ್ ಕೇಳಿಸ್ತದೆ ಸಾಮಿ? ಅವತ್ತಿಂದು ಏಳುಮಲೈ ಟೀ ಅಂಗ್ಡೀಲಿ ಓದಿದ್ರು. ಇದ್ನೂ ಅಲ್ಲೇ ಓದಿ. ನೀವೇ ಬಂದು ಓದಿ” ಎಂದ.

ಏಳುಮಲೈಯ ಅಂಗಡಿ ಗಣಿ ಕಾರ್ಮಿಕರ ಲೈನು ಮನೆಗಳ ಎದುರಿಗಿತ್ತು. ಅಲ್ಲಿ ಒಬ್ಬರು ಕನ್ನಡದಲ್ಲಿ ಗಟ್ಟಿಯಾಗಿ ಪತ್ರಿಕೆ ಓದುವುದು, ಏಳುಮಲೈ ಟೀ ಹುಯ್ಯುತ್ತಲೇ ಅದನ್ನು ತಮಿಳಿಗೆ ತಿರುಗಿಸುವುದು, ತೆಲುಗಿನವರು ಪಕ್ಕದವರನ್ನು ಕೇಳಿ ತಿಳಿಯುವುದು ರೂಢಿ. ಬೆಂಚಿನ ಮೇಲೆ ಕೂತು ಓದಿದೆ. ಆದಷ್ಟು ಬೇಗ ಮುಗಿಸಬೇಕೆಂದಿದ್ದೆ. ಆದರೆ ಪ್ರತಿ ವಾಕ್ಯಕ್ಕೂ ತಮಿಳು ಮುಗಿಯುವವರೆಗೆ ಕಾಯಬೇಕಾಯಿತು.

ಮೂಲೆಯಲ್ಲಿದ್ದ ಮುದುಕನೊಬ್ಬ ಕೇಳಿದ: “ಅದ್ಸರಿ, ಅವತ್ತು ಅಂಗೆ ಬರ್ದೋನು ಯಾರು?”

ಮುನಿವೆಂಕಟಪ್ಪ ತಲೆ ತಗ್ಗಿಸಿ ಕೂತಿದ್ದ. ಬೆರಳು ತೋರಿಸಬಹುದಿತ್ತು, ತೋರಿಸಲಿಲ್ಲ.

“ನಾನೇ” ಎಂದೆ.

“ಇವರ್‌ದಾನ್” ಎಂದ ಏಳುಮಲೈ. ಅದೊಂದನ್ನಾದರೂ ತಮಿಳಿಗೆ ತಿರುಗಿಸದೆ ಬಿಡಬಾರದಿತ್ತೆ!

“ನೀವು ಕಲ್ಲು ನೋಡಿದ್ರಾ?”

“ಇಲ್ಲ.”

“ಇವನ್ನ ಗೇಟಿನಾಗೆ ಇಡ್ದಿದ್ದು?”

“ಅದೂ ನೋಡಲಿಲ್ಲ. ಯಾರೋ ಹೇಳಿದರು.”

ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಇನ್ನೆಂದೂ ಆಗಿಲ್ಲ. ಮುನಿವೆಂಕಟಪ್ಪ ಒಂದು ಲೋಟ ಟೀ ತಂದು ನನ್ನ ಪಕ್ಕದಲ್ಲಿಟ್ಟು, “ಕುಡೀರಿ ಸಾಮಿ, ಆರೋಯ್ತದೆ” ಎಂದ.

ಮರುದಿನ ಬೆಳಿಗ್ಗೆ ಪತ್ರಿಕೆ ಹಂಚುತ್ತಾ ಲೈನು ಮನೆಗಳ ಕಡೆ ಹೋದೆ. ನಲ್ಲಿಯ ಮುಂದೆ ಹೆಂಗಸರ ಸಾಲಿತ್ತು. ಮುನಿವೆಂಕಟಪ್ಪನ ಹೆಂಡತಿ ಆ ಸಾಲಿನ ನಡುವೆ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ಹಿಂದಿನವಳ ಜೊತೆ ಏನೋ ಜಗಳವನ್ನೂ ಆಡುತ್ತಿದ್ದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಯಾರೋ ಹೇಳಿದ್ದಲ್ಲ, ಕಣ್ಣಾರೆ ಕಂಡದ್ದು ಎಂದು ಆ ಮಧ್ಯಾಹ್ನ ಅದನ್ನೇ ಒಂದಕ್ಷರ ಹೆಚ್ಚುಕಡಮೆಯಿಲ್ಲದೆ ಬರೆದು ಬೆಂಗಳೂರಿಗೆ ಕಳಿಸಿದೆ.

ಎರಡು ದಿನದಲ್ಲಿ ಲಕೋಟೆ ವಾಪಸು ಬಂತು. ಕೆಳಗೆ ಕೆಂಪು ಮಸಿಯಲ್ಲಿ, ‘ಇದು ಸುದ್ದಿಯಲ್ಲ’ ಎಂದು ಬರೆದಿತ್ತು.